ತೊಗರಿ ನಾಡಿನಲ್ಲಿ ಜೇನಿನ ಕೂಲಿ ಕೊಡುವವರಾರು?

ಎಳ್ಳಮಾವಾಸ್ಯೆಯ ದಿನ ಕಲಬುರಗಿ ಸೀಮೆಯ ಹಳ್ಳಿಗಳು ಮಧ್ಯಾಹ್ನದ ಹೊತ್ತಿಗೆ ಬಿಕೋ ಎನ್ನುತ್ತವೆ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತದೆ. ಹೊಲದಲ್ಲಿ ಕಲ್ಲುಗಳನ್ನಿಟ್ಟು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಬಳಿಕ ಎಲ್ಲರೂ ಗಿಡದ ನೆರಳಿನಲ್ಲಿ ಕುಳಿತು ಉಣ್ಣುವುದು ಈ ಹಬ್ಬದ ಕ್ರಮ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಲ್ಲವೂ ಬುತ್ತಿಯಲ್ಲಿರುತ್ತವೆ. ಆದರೆ ಊಟದ ಒಡೆಯ ಮಾತ್ರ ಭಜ್ಜಿ. ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ ಇದು. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಅಲಸಂದೆ, ಬದನೆ, ಮೆಂತ್ಯ, ಪುಂಡಿಪಲ್ಯೆ, ಹುಣಸೆ ಹೀಗೆ ಆ ಹೊತ್ತಿಗೆ ಹೊಲ ಏನೇನು ಕೊಡುತ್ತದೋ ಅದೆಲ್ಲವನ್ನೂ ಒಂದೇ ಗಡಿಗೆಯಲ್ಲಿ ಬೇಯಿಸಿದ ಪಲ್ಯ.

ನಾನು ಬೆಂಗಳೂರು ಸೇರಿ ಮೂರು ದಶಕಗಳಾಗುತ್ತ ಬಂದರೂ ಚಿಂಚೋಳಿ ತಾಲ್ಲೂಕಿನ ಸೋದರಮಾವನ ಹೊಲಕ್ಕೆ ಎಳ್ಳಮಾವಾಸ್ಯೆಗೆ ಹೋಗುವುದನ್ನು ಆದಷ್ಟೂ ತಪ್ಪಿಸಿಲ್ಲ. ಈಚಿನ ಒಂದು ಹಬ್ಬದಲ್ಲಿ ಭಜ್ಜಿ ಬಡಿಸುತ್ತಿದ್ದ ಅತ್ತೆಯನ್ನು, ಇದರಲ್ಲಿ ಎಷ್ಟು ಬಗೆಯ ಕಾಳು-ಕಾಯಿ ಇವೆ ಎಂದು ಸುಮ್ಮನೆ ಕೇಳಿದೆ. ಅವರು ಬೆರಳು ಮಡಿಸಿ ಹದಿನಾಲ್ಕು ಎಣಿಸಿದರು. ಎಣಿಸಿ ಮುಗಿಸಿ, ‘ಇದ್ರಾಗ ನಮ್ಮ ಹೊಲದ್ದು ನಾಕೇ ನಾಕು ನೋಡು ತಮ್ಮಾ. ಉಳಿದದ್ದೆಲ್ಲಾ ಸಂತ್ಯಾಗಿಂದು. ಮೊದಲ ಹೊಲಾ ಒಂದ ಸುತ್ತ ಹಾಕಿ ಬಂದ್ರ ಬುಟ್ಟಿ ತುಂಬ್ತಿತ್ತು’ ಎಂದರು. ದೂರುವ ದನಿಯೇನೂ ಅದರಲ್ಲಿರಲಿಲ್ಲ. ಇದ್ದ ಸಂಗತಿಯನ್ನು ಹೇಳಿದ್ದರು, ಅಷ್ಟೆ. ನನಗೆ ಮಾತ್ರ ಆ ಲೆಕ್ಕ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು. ಹದಿನಾಲ್ಕರಲ್ಲಿ ಹತ್ತು ಎಲ್ಲಿ ಹೋದವು?

ಊಟ ಮುಗಿಸಿ ಹೊಲದ ಬದುವಿನ ಮೇಲೆ ನಡೆಯುವಾಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಚಿಕ್ಕಂದಿನಲ್ಲಿ ಇದೇ ಬದುವಿನ ಮೇಲೆ ನಡೆಯಲು ನಮಗೆ ಅಂಜಿಕೆ. ಕುಸುಬೆಯ ಮುಳ್ಳು ಒಂದು ಕಡೆ, ಹೂವಿನ ಸುತ್ತ ಗುಂಯ್‌ಗುಡುವ ಹುಳುಗಳು ಇನ್ನೊಂದು ಕಡೆ. ಈಗ ಕುಸುಬೆ ಇಲ್ಲ, ಅಗಸೆ ಇಲ್ಲ, ಗುರೆಳ್ಳಂತೂ ಇಲ್ಲವೇ ಇಲ್ಲ. ಕಣ್ಣು ಹಾಯುವಷ್ಟು ದೂರವೂ ತೊಗರಿ. ಹೊಲ ಮೌನವಾಗಿತ್ತು.

ಜೇನುನೊಣಗಳ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಭಾಷಣಕಾರರು ಒಂದು ವಾಕ್ಯವನ್ನು ತಪ್ಪದೆ ಉದ್ಧರಿಸುತ್ತಾರೆ. ಜೇನು ಅಳಿದರೆ ಮನುಷ್ಯಕುಲಕ್ಕೆ ಉಳಿಯುವುದು ನಾಲ್ಕೇ ವರ್ಷ ಎಂದು ಐನ್‌ಸ್ಟೀನ್ ಹೇಳಿದ್ದರಂತೆ. ಅವರು ಹಾಗೆ ಹೇಳಿದ್ದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ಮಾತು ನಿಜವೂ ಅಲ್ಲ. ಭತ್ತ, ಗೋಧಿ, ಜೋಳ, ಸಜ್ಜೆ ಇವ್ಯಾವುವೂ ಜೇನನ್ನು ಕಾದು ಕೂರುವ ಬೆಳೆಗಳಲ್ಲ. ಗಾಳಿ ಬೀಸಿದರೆ ಅಥವಾ ತಮ್ಮದೇ ಪರಾಗ ಉದುರಿದರೆ ಅವು ಕಾಳು ಕಟ್ಟುತ್ತವೆ. ಕಡಲೆ ತನ್ನ ಹೂವಿನೊಳಗೇ ಕೆಲಸ ಮುಗಿಸಿಕೊಳ್ಳುತ್ತದೆ. ಆದ್ದರಿಂದ ಜೇನು ಹೋದ ಮರುವರ್ಷವೇ ಚಿಂಚೋಳಿಯ ರೊಟ್ಟಿಯ ಬುಟ್ಟಿ ಖಾಲಿಯಾಗುವುದಿಲ್ಲ. ಈ ಸತ್ಯವನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಭಯ ಹುಟ್ಟಿಸಿ ಗೆದ್ದ ವಾದ ಬಹಳ ದಿನ ನಿಲ್ಲುವುದಿಲ್ಲ.

ಹಾಗಾದರೆ ಹೋಗುವುದೇನು? ಅದಕ್ಕೆ ಉತ್ತರ ಅತ್ತೆಯ ಗಡಿಗೆಯಲ್ಲಿದೆ. ಬದನೆಯ ಹೂವನ್ನೇ ನೋಡಿ. ಅದರ ಪರಾಗಕೋಶ ಬಿರಿದು ತೆರೆದುಕೊಳ್ಳುವುದಿಲ್ಲ. ತುದಿಯಲ್ಲಿ ಸಣ್ಣ ರಂಧ್ರವಷ್ಟೇ ಇರುತ್ತದೆ. ಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿಯಂಥ ದುಡಿಮೆಗಾರರು ಹೂವನ್ನು ಅಪ್ಪಿ ಹಿಡಿದು ಮೈ ಕಂಪಿಸಿದಾಗ ಪರಾಗ ಉಪ್ಪಿನ ಡಬ್ಬಿಯಿಂದ ಉದುರಿದಂತೆ ಉದುರುತ್ತದೆ. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು. ಸೌತೆ, ಹೀರೆ, ಕುಂಬಳಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ನಡುವೆ ಓಡಾಡುವ ಹುಳು ಇಲ್ಲದಿದ್ದರೆ ಕಾಯಿಯೇ ಇಲ್ಲ. ಗುರೆಳ್ಳಿನ ಗಿಡ ತನ್ನದೇ ಪರಾಗವನ್ನು ಒಪ್ಪದು, ಪಕ್ಕದ ಗಿಡದ್ದೇ ಬೇಕು. ಸೂರ್ಯಕಾಂತಿ ಜೇನು ಬಾರದಿದ್ದರೆ ಜೊಳ್ಳು ಹೆಚ್ಚಿಸಿಕೊಳ್ಳುತ್ತದೆ. ಹುಣಸೆಗೂ ಕೊತ್ತಂಬರಿ ಬೀಜಕ್ಕೂ ಕೀಟಗಳ ನೆರವು ಬೇಕು. ಚಿಂಚೋಳಿಯ ಗುಡ್ಡಗಳಲ್ಲಿ ಬೆಳೆಯುವ ಸೀತಾಫಲವನ್ನಂತೂ ಜೇನು ಮೂಸಿಯೂ ನೋಡದು. ಅದರ ಪರಾಗ ಸಾಗಿಸುವುದು ಹೂವಿನೊಳಗೆ ನುಸುಳುವ ಅತಿ ಸಣ್ಣ ದುಂಬಿಗಳು. ಅಂದರೆ ಈ ಕೀಟಗಳು ಇಲ್ಲವಾದರೆ ತಟ್ಟೆ ಖಾಲಿಯಾಗುವುದಿಲ್ಲ, ರೊಟ್ಟಿಯ ಬದಿಯಲ್ಲಿರುವ ಎಲ್ಲವೂ ಒಂದೊಂದಾಗಿ ಕಾಣೆಯಾಗುತ್ತದೆ. ರುಚಿ, ಎಣ್ಣೆ, ಹಣ್ಣು, ತರಕಾರಿ, ಜೊತೆಗೆ ಅವು ಕೊಡುತ್ತಿದ್ದ ಪೋಷಕಾಂಶ. ಉಳಿಯುವುದು ಒಂದೇ ಬಗೆಯ ಊಟ.

ಒಂದೇ ಬಗೆಯ ಊಟ ಒಂದೇ ಬಗೆಯ ಹೊಲದಿಂದ ಬರುತ್ತದೆ. ಅಂಥ ಹೊಲದ ಅಪಾಯವೇನು ಎಂಬುದನ್ನು ತಿಳಿಯಲು ನಮ್ಮ ತೊಗರಿಯ ಕಥೆಯನ್ನೇ ಕೇಳಬೇಕು.

ಚಿಂಚೋಳಿಯ ನೆಲ ಎರಡು ಬಣ್ಣದ್ದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನತ್ತ ಇಳಿದಂತೆ ಸುಣ್ಣಕಲ್ಲಿನ ಹಾಸಿನ ಮೇಲೆ ಕೂತ ಕಪ್ಪು ಎರೆಮಣ್ಣು. ಆ ಕಲ್ಲೇ ಸಿಮೆಂಟ್ ಕಾರ್ಖಾನೆಗಳನ್ನೂ ಶಹಾಬಾದ್ ಹಾಸುಗಲ್ಲನ್ನೂ ಈ ಸೀಮೆಗೆ ತಂದದ್ದು. ಪೂರ್ವಕ್ಕೆ ಕೊಂಚಾವರಂ ಕಡೆ ಏರಿದಂತೆ ಕೆಂಪು ಜಂಬಿಟ್ಟಿಗೆಯ ದಿಬ್ಬಗಳು, ಎಲೆ ಉದುರುವ ಒಣಕಾಡು, ಚಂದ್ರಂಪಳ್ಳಿಯ ಜಲಾಶಯ, ಅಲ್ಲಲ್ಲಿ ಲಂಬಾಣಿ ತಾಂಡಾಗಳು. ಈ ಕಾಡಿನ ಸುಮಾರು 135 ಚದರ ಕಿಲೋಮೀಟರ್ 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವಾಯಿತು. ಬಯಲುಸೀಮೆಯೆಂದರೆ ಬರಡು ಎಂದುಕೊಂಡವರಿಗೆ ಇಂಥದೊಂದು ಕಾಡು ಕಲಬುರಗಿ ಜಿಲ್ಲೆಯಲ್ಲಿದೆ ಎಂಬುದೇ ಸೋಜಿಗ. ಹುಲ್ಲೆ, ತೋಳ, ಕತ್ತೆಕಿರುಬಗಳ ಆಶ್ರಯವೆಂದು ನಾವು ಕಾಡನ್ನು ಲೆಕ್ಕ ಹಾಕುತ್ತೇವೆ. ಸುತ್ತಲಿನ ಹೊಲಗಳಿಗೆ ಪರಾಗ ಹೊರುವ ಕೂಲಿಗಳ ಕೇರಿಯೂ ಅದೇ ಎಂಬುದನ್ನು ಮರೆಯುತ್ತೇವೆ. ಎತ್ತರದ ಮರಗಳಲ್ಲಿ ಹೆಜ್ಜೇನು, ಪೊದೆಗಳಲ್ಲಿ ಕೋಲುಜೇನು, ಪೊಟರೆಗಳಲ್ಲಿ ತುಡುವೆ ಮತ್ತು ಚುಚ್ಚದ ನಸರಿ, ಒಣ ರೆಂಬೆಗಳಲ್ಲಿ ದುಂಬಿ. ಹೆಜ್ಜೇನು ಹೂವಿನ ಋತುವನ್ನು ಹಿಂಬಾಲಿಸಿ ವಲಸೆ ಹೋಗುವ ಜೀವಿ. ಹೂವಿದ್ದಲ್ಲಿ ಗೂಡು, ಹೂ ಮುಗಿದರೆ ಪಯಣ.

ಮುಂಗಾರಿನಲ್ಲಿ ಬಿತ್ತಿದ ತೊಗರಿ ದಸರಾ-ದೀಪಾವಳಿಯ ಹೊತ್ತಿಗೆ ಹಳದಿ ಹೂ ಹೊದೆಯುತ್ತದೆ. ಕಲಬುರಗಿ ಜಿಲ್ಲೆಯೊಂದರಲ್ಲೇ ಐದಾರು ಲಕ್ಷ ಹೆಕ್ಟೇರಿನಲ್ಲಿ ಈ ಬೆಳೆ. ಪಠ್ಯಪುಸ್ತಕ ತೊಗರಿಯನ್ನು ಸ್ವಕೀಯ ಪರಾಗಸ್ಪರ್ಶದ ಬೆಳೆ ಎನ್ನುತ್ತದೆ. ಹೂ ಅರಳುವ ಮುನ್ನವೇ ಮೊಗ್ಗಿನೊಳಗೆ ಪರಾಗಕೋಶ ಬಿರಿದಿರುತ್ತದೆ. ಆದರೆ ಅರಳಿದ ಹೂವಿಗೆ ಹೆಜ್ಜೇನು ಬರುತ್ತದೆ, ಎಲೆ ಕತ್ತರಿಸಿ ಗೂಡು ಕಟ್ಟುವ ಒಂಟಿ ಜೇನುಗಳು ಬರುತ್ತವೆ, ದುಂಬಿ ಬರುತ್ತದೆ. ಅವು ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ದಾಟಿಸುತ್ತವೆ. ಊರು, ಋತು, ಕೀಟಗಳ ಸಂಖ್ಯೆಗೆ ತಕ್ಕಂತೆ ಇದರ ಪ್ರಮಾಣ ಏರಿಳಿದರೂ ನೂರು ಕಾಳುಗಳಲ್ಲಿ ಸುಮಾರು ಇಪ್ಪತ್ತು ಹೀಗೆ ಬೇರೆ ಗಿಡದ ಪರಾಗದಿಂದ ಹುಟ್ಟಿದವು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ದ್ವಿದಳ ಧಾನ್ಯಗಳಲ್ಲಿ ಇದು ಅಪರೂಪದ ಗುಣ.

ಈ ಗುಣದಿಂದಾಗಿ ಜೇನು ತೊಗರಿ ವಿಜ್ಞಾನಿಯ ಪಾಲಿಗೆ ತಲೆನೋವೂ ಹೌದು, ವರವೂ ಹೌದು. ಒಂದು ತಳಿಯನ್ನು ಶುದ್ಧವಾಗಿ ಉಳಿಸಬೇಕಾದವನು ಗಿಡಕ್ಕೆ ಸೊಳ್ಳೆಪರದೆ ಕಟ್ಟಿ ಜೇನನ್ನು ಹೊರಗಿಡುತ್ತಾನೆ. ಬೀಜೋತ್ಪಾದನೆಯ ಹೊಲಕ್ಕೂ ಬೇರೆ ತೊಗರಿಯ ಹೊಲಕ್ಕೂ ನಡುವೆ ನೂರು ಮೀಟರಿಗೆ ಕಡಿಮೆಯಿಲ್ಲದ ಅಂತರ ಬಿಡಬೇಕೆಂಬ ನಿಯಮವಿದೆ. ಅವನ ಲೆಕ್ಕದಲ್ಲಿ ಜೇನು ತಳಿ ಕೆಡಿಸುವ ಕಳ್ಳ. ಅದೇ ವಿಜ್ಞಾನಿ ಹೈಬ್ರಿಡ್ ತೊಗರಿ ಮಾಡಲು ಹೊರಟಾಗ ಜೇನಿನ ಕಾಲು ಹಿಡಿಯಬೇಕು. ಚಿಂಚೋಳಿಯಿಂದ ಜಹೀರಾಬಾದ್ ಹಾದು ಹೈದರಾಬಾದಿನತ್ತ ಹೊರಟರೆ ದಾರಿಯಲ್ಲೇ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ತೊಗರಿಯ ಕಾಡುಸಂಬಂಧಿಯೊಂದರ ಜೊತೆ ನಾಟಿ ತೊಗರಿಯನ್ನು ಸೇರಿಸಿ, ಪರಾಗವೇ ಇಲ್ಲದ ಗಿಡಗಳನ್ನು ರೂಪಿಸಿತು. ಅದರ ಫಲವಾಗಿ ಐಸಿಪಿಎಚ್ 2671 ಎಂಬ ಹೈಬ್ರಿಡ್ 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಪರಾಗವಿಲ್ಲದ ಸಾಲಿಗೆ ಪಕ್ಕದ ಸಾಲಿನ ಪರಾಗವನ್ನು ಒಯ್ದು ಮುಟ್ಟಿಸುವ ಯಂತ್ರ ಯಾವುದೂ ಇಲ್ಲ. ಆ ಕೆಲಸ ಇಂದಿಗೂ ಜೇನಿನದೇ. ಹೊಲದ ಸುತ್ತ ಜೇನಿಲ್ಲದಿದ್ದರೆ ಕೋಟ್ಯಂತರ ರೂಪಾಯಿಯ ಈ ತಂತ್ರಜ್ಞಾನ ಬರೀ ಹೂ ಬಿಟ್ಟು ಉದುರಿ ಹೋಗುತ್ತದೆ.

ರೈತನ ಪಾಲಿಗೆ ಈ ಬೆರಕೆಯ ಅರ್ಥವೇ ಬೇರೆ. ತಲೆತಲಾಂತರದಿಂದ ಮನೆಯ ಬೀಜವನ್ನೇ ಬಿತ್ತುತ್ತಿದ್ದ ಕಾಲದಲ್ಲಿ ಒಂದು ಹೊಲದ ತೊಗರಿ ಒಂದೇ ಅಚ್ಚಿನದಾಗಿರುತ್ತಿರಲಿಲ್ಲ. ಬಿಳಿ, ಕೆಂಪು, ಕಂದು ಕಾಳು, ಬೇಗ ಕಾಯಿಕಟ್ಟುವ ಗಿಡ, ತಡವಾಗಿ ಹೂ ಬಿಡುವ ಗಿಡ, ಎಲ್ಲವೂ ಒಟ್ಟಿಗೆ ಇರುತ್ತಿದ್ದವು. ಜೇನು ವರ್ಷವರ್ಷವೂ ಇವನ್ನು ಒಂದಿಷ್ಟು ಬೆರೆಸುತ್ತಿತ್ತು, ರೈತ ವರ್ಷವರ್ಷವೂ ಒಂದಿಷ್ಟು ಆರಿಸುತ್ತಿದ್ದ. ಇಳುವರಿ ಕಡಿಮೆ, ನಿಜ. ಆದರೆ ಮಳೆ ತಪ್ಪಿದರೂ ರೋಗ ಬಂದರೂ ಹೊಲ ಪೂರ್ತಿ ಕೈಬಿಡುತ್ತಿರಲಿಲ್ಲ.

ಇದು ಹಳೆಯದರ ಹಂಬಲವಲ್ಲ, ಇದಕ್ಕೆ ಪುರಾವೆಯಿದೆ. ತೊಗರಿಯನ್ನು ಕಾಡುವ ದೊಡ್ಡ ರೋಗ ಸೊರಗು, ನಮ್ಮವರು ಹೇಳುವ ನೆಟೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಶಿಲೀಂಧ್ರ ಬೇರಿನಿಂದ ಏರಿ, ನಿಂತ ಗಿಡವನ್ನು ನಿಂತಂತೆಯೇ ಒಣಗಿಸುತ್ತದೆ. ಇದನ್ನು ತಾಳಿಕೊಳ್ಳುವ ‘ಮಾರುತಿ’ ಎಂಬ ತಳಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದಾಗ ಕಲಬುರಗಿಯ ರೈತರು ಉಸಿರಾಡಿದರು. ಆ ತಳಿಯನ್ನು ಯಾರೂ ಪ್ರಯೋಗಾಲಯದಲ್ಲಿ ಶೂನ್ಯದಿಂದ ಸೃಷ್ಟಿಸಿರಲಿಲ್ಲ. ನೆರೆಯ ಮಹಾರಾಷ್ಟ್ರದ ನಾಟಿ ತೊಗರಿಯೊಂದರಲ್ಲಿ ಅಡಗಿದ್ದ ರೋಗನಿರೋಧಕ ಗಿಡಗಳನ್ನು ಆರಿಸಿ ಬೆಳೆಸಿದ್ದು ಅದು. ಯಾರೋ ರೈತನ ಹೊಲದಲ್ಲಿ ಆ ವೈವಿಧ್ಯ ಉಳಿದಿತ್ತು, ಆದ್ದರಿಂದ ಸಿಕ್ಕಿತು. ಮುಂದೆ ಮಾರುತಿಗೆ ಗೊಡ್ಡು ರೋಗ ಕಾಡಿತು. ಅದಕ್ಕೆ ಮತ್ತೆ ಬೇರೆ ತಳಿ ಬೇಕಾಯಿತು. ಹುಡುಕಾಟ ಮುಗಿಯುವಂಥದಲ್ಲ. ಪ್ರತಿ ಬಾರಿಯೂ ಹುಡುಕುವುದು ಅದೇ ಹಳೆಯ ಕಣಜದಲ್ಲಿ. ಇಕ್ರಿಸ್ಯಾಟ್‌ನ ಬೀಜಭಂಡಾರದಲ್ಲಿ ಇಂದು 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳು ಶೀತಲ ಕೋಣೆಯಲ್ಲಿ ಮಲಗಿವೆ. ಅದು ಸಮಾಧಾನದ ಸಂಗತಿ. ಆದರೆ ಶೀತಲ ಕೋಣೆಯ ಬೀಜ ಹೊಸ ರೋಗವನ್ನೂ ಹೊಸ ಹವಾಮಾನವನ್ನೂ ಎದುರಿಸುತ್ತ ಬದಲಾಗುವುದಿಲ್ಲ. ಅದು ನಡೆಯುವುದು ಹೊಲದಲ್ಲಿ ಮಾತ್ರ. ಅಲ್ಲಿ ಬೀಜಗಳನ್ನು ಬೆರೆಸುವ ಕೈ ಜೇನಿನದು.

2022ರ ಹಂಗಾಮಿನಲ್ಲಿ ಏನಾಯಿತು ಎಂಬುದು ಈ ಸೀಮೆಯವರಿಗೆ ಮರೆತಿರಲಾರದು. ಕಾಯಿ ತುಂಬಿದ ತೊಗರಿ ಹೊಲಗಳು ನೆಟೆ ರೋಗಕ್ಕೆ ಸಿಕ್ಕಿ ಜಿಲ್ಲೆಯ ಉದ್ದಗಲಕ್ಕೂ ಒಣಗಿ ನಿಂತವು. ರಾಶಿಯ ಕನಸು ಕಂಡವರು ಒಣಕಟ್ಟಿಗೆ ಕಡಿದು ತಂದರು. ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಮಳೆಯ ಏರುಪೇರು, ಮಣ್ಣಿನ ತೇವ, ಶಿಲೀಂಧ್ರ ಹೀಗೆ ಕಾರಣಗಳು ಹಲವು. ಜೇನಿಲ್ಲದ್ದರಿಂದಲೇ ನೆಟೆ ಬಂತೆಂದು ಹೇಳಿದರೆ ಅದು ಐನ್‌ಸ್ಟೀನ್ ಹೆಸರಿನ ಮಾತಿನಷ್ಟೇ ಉತ್ಪ್ರೇಕ್ಷೆಯಾದೀತು. ಆದರೆ ಅದೇ ಹೊಲದಲ್ಲಿ ವರ್ಷವರ್ಷವೂ ಅದೇ ಬೆಳೆ, ಅದೂ ಬೆರಳೆಣಿಕೆಯ ತಳಿಗಳು. ರೋಗಕ್ಕೆ ಇದಕ್ಕಿಂತ ಸಲೀಸಾದ ದಾರಿ ಬೇಕೆ? ತೊಗರಿಯ ಜೊತೆ ಜೋಳದ ಸಾಲು ಹಾಕಿದರೆ ಸೊರಗು ಕಡಿಮೆಯಾಗುತ್ತದೆಂದು ವಿಜ್ಞಾನಿಗಳೇ ಕಂಡುಕೊಂಡಿದ್ದಾರೆ. ನಮ್ಮ ಅಜ್ಜಂದಿರ ಅಕ್ಕಡಿ ಸಾಲು ಮಾಡುತ್ತಿದ್ದುದೂ ಅದನ್ನೇ.

ಇಷ್ಟೆಲ್ಲವನ್ನೂ ಬದುವಿನ ಮೇಲೆ ಕುಳಿತು ಸೋದರಮಾವನಿಗೆ ಹೇಳಿದೆ. ಜೇನಿಗೆ ಮುಳುವಾಗಿರುವುದು ಔಷಧಿ ಸಿಂಪಡಣೆ ಎಂದೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಒಂದು ತೊಗರಿ ಕಾಯಿ ಬಿಡಿಸಿ, ಒಳಗಿದ್ದ ಹಸಿರು ಹುಳುವನ್ನು ಅಂಗೈ ಮೇಲಿಟ್ಟು ತೋರಿಸಿದರು. ‘ಹೂ ಬಂದಾಗೇ ಈ ಕೀಡಿ ಬರ್ತದ. ಹೂ ಬಂದಾಗೇ ಜೇನಾನೂ ಬರ್ತಾವ. ಎಣ್ಣಿಗಿ ಯಾವ್ದು ಕೀಡಿ, ಯಾವ್ದು ಜೇನಾ ಅಂತ ಗೊತ್ತಾಗ್ತದೇನು?’ ಎಂದರು. ಕೀಟನಾಶಕಕ್ಕೆ ಇಲ್ಲಿನ ರೈತರು ‘ಎಣ್ಣಿ’ ಎಂದೇ ಹೇಳುವುದು. ‘ಮತ್ತ ಎಣ್ಣಿ ಹೊಡೀಬ್ಯಾಡ್ರಿ ಅಂತೀದಿ. ಒಂದ ವರ್ಷ ಹೊಡೀಲಿಲ್ಲಂದ್ರ ಸಾಲದ ಬಡ್ಡಿ ಜೇನಾ ಬಂದು ಕಟ್ತಾವೇನಪಾ?’

ನನ್ನಲ್ಲಿ ಉತ್ತರವಿರಲಿಲ್ಲ. ಇಡೀ ಸಮಸ್ಯೆಯ ತಿರುಳನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು. ಕಾಯಿಕೊರಕ ಮೊಟ್ಟೆಯಿಡುವುದು ಮೊಗ್ಗು, ಹೂ, ಎಳೆಗಾಯಿಗಳ ಮೇಲೆ. ಆದ್ದರಿಂದ ವಿಷ ಬೀಳುವ ಹೊತ್ತೂ ಜೇನು ಬರುವ ಹೊತ್ತೂ ಒಂದೇ ಆಗುತ್ತದೆ. ರೈತ ಕ್ರೂರಿಯಲ್ಲ, ಅಜ್ಞಾನಿಯೂ ಅಲ್ಲ. ನಷ್ಟದ ಹೊಣೆ ಅವನೊಬ್ಬನದು, ಜೇನಿನಿಂದ ಬರುವ ಲಾಭ ಊರಿನದು. ಅವನೊಬ್ಬನೇ ಸಿಂಪಡಣೆ ನಿಲ್ಲಿಸಿದರೆ ಪಕ್ಕದ ಹೊಲದ ವಿಷಕ್ಕೆ ಜೇನು ಸಾಯುತ್ತದೆ, ಕೀಡಿ ಮಾತ್ರ ಅವನ ಹೊಲದಲ್ಲಿ ಉಳಿಯುತ್ತದೆ.

ಬೇರೆ ದೇಶಗಳಲ್ಲೂ ಇದೇ ಜಗಳ ನಡೆದಿದೆ. ಫ್ರಾನ್ಸಿನ ಜೇನು ಸಾಕಣೆದಾರರು ಸೂರ್ಯಕಾಂತಿ ಹೊಲಗಳಿಗೆ ಹೋದ ತಮ್ಮ ನೊಣಗಳು ಗೂಡಿಗೆ ಮರಳುತ್ತಿಲ್ಲ ಎಂದು ದನಿಯೆತ್ತಿದಾಗ ಅಲ್ಲಿನ ಸರ್ಕಾರ 1999ರಲ್ಲಿ ಸೂರ್ಯಕಾಂತಿ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಲೇಪಿಸುವುದನ್ನು ತಡೆಯಿತು. ಐರೋಪ್ಯ ಒಕ್ಕೂಟ 2018ರಲ್ಲಿ ಇದೇ ಬಳಗದ ಮೂರು ಕೀಟನಾಶಕಗಳನ್ನು ಬಯಲು ಬೇಸಾಯದಲ್ಲಿ ನಿಷೇಧಿಸಿತು. ಅಲ್ಲಿ ದನಿಯೆತ್ತಲು ಜೇನು ಸಾಕುವವರ ಸಂಘಟನೆಗಳಿದ್ದವು. ಚಿಂಚೋಳಿಯ ಹೆಜ್ಜೇನಿಗೆ, ಒಂಟಿ ಜೇನಿಗೆ, ದುಂಬಿಗೆ ಸಾಕಿದ ಒಡೆಯರಿಲ್ಲ. ಸತ್ತರೆ ದೂರು ಕೊಡುವವರೂ ಇಲ್ಲ. ಪೆಟ್ಟಿಗೆ ಜೇನು ತಂದಿಟ್ಟರೆ ಸಾಕೆಂದು ಹೇಳುವವರಿದ್ದಾರೆ. ಅವರು 1991-92ರ ನೆನಪು ಮಾಡಿಕೊಳ್ಳಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಕೊಡಗು, ಕರಾವಳಿ, ಮಲೆನಾಡುಗಳ ತುಡುವೆ ಜೇನಿನ ಪೆಟ್ಟಿಗೆಗಳನ್ನು ಕಂಡಕಂಡಲ್ಲಿ ಖಾಲಿ ಮಾಡಿತ್ತು. ಒಂದೇ ತಳಿಯ ತೊಗರಿಯನ್ನು ನಂಬುವುದು ಎಷ್ಟು ಅಪಾಯವೋ ಒಂದೇ ಬಗೆಯ ಜೇನನ್ನು ನಂಬುವುದೂ ಅಷ್ಟೇ ಅಪಾಯ.

ಹಾಗಾದರೆ ಈ ಸೇವೆಗೆ ಬೆಲೆ ಕಟ್ಟಬಹುದೆ? ಕಟ್ಟಿದ್ದಾರೆ. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆ 2016ರಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲು ಒಂದಿಷ್ಟಾದರೂ ಪ್ರಾಣಿ-ಕೀಟಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆ. ಅವುಗಳ ದುಡಿಮೆಗೆ ನೇರವಾಗಿ ಸಲ್ಲುವ ವಾರ್ಷಿಕ ಉತ್ಪನ್ನದ ಮೌಲ್ಯ 235ರಿಂದ 577 ಶತಕೋಟಿ ಡಾಲರ್. ಅಂಕಿ ದೊಡ್ಡದು. ಆದರೆ ಮಾರುಕಟ್ಟೆಗೆ ಬಾರದ ಗುರೆಳ್ಳು ಹಿಂಡಿಯೂ ಬದುವಿನ ಸೌತೆಕಾಯಿಯೂ ಮಾರುತಿಯಂಥ ತಳಿಯನ್ನು ಮುಂದೆ ಕೊಡಬಹುದಾದ ನಾಟಿ ಬೀಜವೂ ಆ ಅಂಕಿಯಲ್ಲಿಲ್ಲ. ಬೆಲೆ ಇರುವುದಕ್ಕೆ ಮಾತ್ರ ಬೆಲೆ ಕಟ್ಟುವ ಲೆಕ್ಕ ಅದು.

ನಮ್ಮ ಸರ್ಕಾರಗಳ ಲೆಕ್ಕವೂ ಹೀಗೆಯೇ ಇದೆ. 2025-26ರ ಮುಂಗಾರಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಬೆಂಬಲ ಬೆಲೆಯ ಪಟ್ಟಿಯಲ್ಲಿ ಎಳ್ಳು, ಗುರೆಳ್ಳು, ಕುಸುಬೆಗಳೂ ಇವೆ. ಆದರೆ ಪಟ್ಟಿಯಲ್ಲಿರುವುದು ಬೇರೆ, ಖರೀದಿ ಕೇಂದ್ರದ ಬಾಗಿಲು ತೆರೆಯುವುದು ಬೇರೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ಸುಣ್ಣದಂಶದ ಮಣ್ಣಿನಿಂದ ಬಂದ ರುಚಿಗೆ ಸಂದ ಗೌರವವದು, ಹೆಮ್ಮೆಪಡೋಣ. ಹೆಸರಿಗೆ ಕಾನೂನಿನ ರಕ್ಷಣೆ ದೊರೆತಂತೆ ಆ ಬೆಳೆಯನ್ನು ಇಲ್ಲಿಯವರೆಗೆ ತಂದ ನಾಟಿ ವೈವಿಧ್ಯಕ್ಕೂ ಪರಾಗ ಹೊತ್ತ ಜೀವಿಗಳಿಗೂ ಏನು ರಕ್ಷಣೆ ಎಂಬ ಪ್ರಶ್ನೆ ಮಾತ್ರ ಉಳಿದಿದೆ.

ಬೇರೆ ದಾರಿ ಇಲ್ಲವೇ ಎಂದರೆ ಗಡಿಯಾಚೆಗೇ ಇದೆ. ತೆಲಂಗಾಣದ ಜಹೀರಾಬಾದ್ ಸುತ್ತಲಿನ ದಲಿತ ಮಹಿಳೆಯರ ಸಂಘಗಳು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆಗೂಡಿ ದಶಕಗಳಿಂದ ಬೀಜ ಉಳಿಸುವ ಕೆಲಸ ಮಾಡುತ್ತಿವೆ. ಅದನ್ನು ಮುನ್ನಡೆಸಿದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿದ್ದವರು, 2023ರಲ್ಲಿ ತೀರಿಕೊಂಡರು. ಒಂದೇ ಹೊಲದಲ್ಲಿ ಹದಿನೈದು-ಇಪ್ಪತ್ತು ಬೆಳೆ ಬೆಳೆಯುವ ಆ ಹೆಂಗಸರು ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಗಳಲ್ಲಿ ಬೀಜಗಳನ್ನು ಸಿಂಗರಿಸಿ ಊರೂರಿಗೆ ಜಾತ್ರೆ ಒಯ್ಯುತ್ತಾರೆ. 2019ರಲ್ಲಿ ಅವರ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅವರ ನೆಲ ನಮ್ಮದಕ್ಕಿಂತ ಸಮೃದ್ಧವಲ್ಲ, ಮಳೆ ಹೆಚ್ಚಲ್ಲ. ಒಬ್ಬೊಬ್ಬರೇ ಮಾಡಲಾಗದ್ದನ್ನು ಕೂಡಿ ಮಾಡಿದರು, ಅಷ್ಟೇ ವ್ಯತ್ಯಾಸ.

ಕೂಡಿ ಮಾಡಬಹುದಾದ ಕೆಲಸಗಳು ಕಷ್ಟದವೇನೂ ಅಲ್ಲ. ಸಿಂಪಡಣೆ ಬೇಕೇ ಬೇಕೆಂದರೆ ಜೇನು ಗೂಡಿಗೆ ಮರಳಿದ ಮೇಲೆ, ಇಳಿಹೊತ್ತಿನಲ್ಲಿ, ಊರಿಗೆ ಊರೇ ಒಂದು ತೀರ್ಮಾನ ಮಾಡಿಕೊಂಡು ನಡೆಸಬಹುದು. ಬೇವಿನ ಬೀಜದ ಕಷಾಯ, ಕಾಯಿಕೊರಕವನ್ನಷ್ಟೇ ಕೊಲ್ಲುವ ಎನ್‌ಪಿವಿ ನಂಜಾಣು, ಹಕ್ಕಿ ಕೂರಲು ತೊಗರಿಯ ನಡುವೆ ಜೋಳ, ಗಿಡ ಅಲುಗಾಡಿಸಿ ತಟ್ಟಿನ ಮೇಲೆ ಹುಳು ಬೀಳಿಸುವ ಹಳೆಯ ಉಪಾಯ ಇವೆಲ್ಲ ಕೃಷಿ ಇಲಾಖೆಯ ಕರಪತ್ರಗಳಲ್ಲಿ ಬರುವ ಮಾತುಗಳೇ. ಕರಪತ್ರ ಹಂಚಿ ಸುಮ್ಮನಾಗುವ ಬದಲು, ಹೊಲದಲ್ಲಿ ಇವನ್ನು ಮಾಡಿದವನಿಗೆ ಬೆಳೆವಿಮೆಯ ಕಂತಿನಲ್ಲಿ ರಿಯಾಯಿತಿ ಕೊಡಬಾರದೇಕೆ? ಐದು ಸಾಲು ತೊಗರಿಗೆ ಒಂದು ಸಾಲು ಕುಸುಬೆಯೋ ಎಳ್ಳೋ ಹಾಕಿದವನಿಂದ ಆ ಕಾಳನ್ನು ಖರೀದಿಸಿ ಅಂಗನವಾಡಿಗೆ, ಶಾಲೆಯ ಬಿಸಿಯೂಟಕ್ಕೆ ಕೊಡಬಾರದೇಕೆ? ಪರಿಹಾರಕ್ಕೆ ಹಣ ಹೊಂದಿಸಬಲ್ಲ ಸರ್ಕಾರಕ್ಕೆ ಮುನ್ನೆಚ್ಚರಿಕೆಗೆ ಹಣವಿಲ್ಲ ಎನ್ನುವುದು ಒಪ್ಪುವ ಮಾತಲ್ಲ.

ಬೆಂಗಳೂರಿನಲ್ಲಿ ಬೇಳೆ ಕೊಳ್ಳುವ ನಮಗೆ ಇದರಲ್ಲಿ ಪಾಲಿಲ್ಲವೆಂದು ತಿಳಿಯಬೇಕಿಲ್ಲ. ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಸತಿ ಸಮುಚ್ಚಯದ ಐದನೇ ಮಹಡಿಯ ಚಾಚಿನಡಿ ಹೆಜ್ಜೇನು ಗೂಡು ಕಟ್ಟಿತ್ತು. ಮಕ್ಕಳಿರುವ ಮನೆಗಳವರು ಹೆದರಿದರು. ಕೀಟನಾಶಕ ಹೊಡೆಯುವವರನ್ನು ಕರೆಸುವ ಪತ್ರಕ್ಕೆ ಎಲ್ಲರಂತೆ ನಾನೂ ಸಹಿ ಹಾಕಿದೆ. ಮರುದಿನ ಬೆಳಿಗ್ಗೆ ಕಾವಲುಗಾರ ಸತ್ತ ನೊಣಗಳನ್ನು ಪೊರಕೆಯಿಂದ ಗುಡಿಸಿ ಎರಡು ಬಕೆಟ್ ತುಂಬಿಸಿದ. ಹೂವಿನ ಋತು ಮುಗಿದರೆ ಅವು ತಾವಾಗಿಯೇ ಹೊರಟುಹೋಗುತ್ತವೆ, ಅಲ್ಲಿಯವರೆಗೆ ಆ ಕಡೆಯ ಕಿಟಕಿ ಮುಚ್ಚಿ, ರಾತ್ರಿ ದೀಪ ಆರಿಸಿದ್ದರೆ ಸಾಕಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ಅಂದು ನಾನು ಕಟ್ಟಬೇಕಾದ ಸಾಲವಿರಲಿಲ್ಲ, ಉಳಿಸಬೇಕಾದ ಬೆಳೆಯಿರಲಿಲ್ಲ. ಸೋದರಮಾವನಿಗೆ ಇರುವ ಯಾವ ಒತ್ತಡವೂ ಇಲ್ಲದೆ ಎರಡು ಬಕೆಟ್ ಜೇನು ಕೊಂದವನು, ಅವರ ಹೊಲದ ಬದುವಿನ ಮೇಲೆ ಕುಳಿತು ಅವರಿಗೇ ಉಪದೇಶ ಮಾಡುತ್ತಿದ್ದೆ.

ಅಂದು ಸಂಜೆ ಹೊರಡುವ ಮುನ್ನ ಇದನ್ನು ಅವರಿಗೆ ಹೇಳಿದೆ. ಅವರು ನಕ್ಕರು. ನಗರದ ಉಪದೇಶಕ್ಕೆ ಬಗ್ಗದವರು ನನ್ನ ತಪ್ಪೊಪ್ಪಿಗೆಗೆ ತುಸು ಮೆತ್ತಗಾದರೆಂದು ತೋರುತ್ತದೆ. ‘ಬಾಂದಿನ ಕಡೀ ನಾಕ ಸಾಲಿಗಿ ಕುಸುಬಿ ಹಾಕ್ತೀನಿ ತಗೋ. ಆ ಸಾಲಿಗಿ ಎಣ್ಣಿ ಹೊಡ್ಯಂಗಿಲ್ಲ. ಬಂದ್ರ ಬರ್ಲಿ ಜೇನಾ’ ಎಂದರು. ಅತ್ತೆ ಒಳಗಿನಿಂದಲೇ, ಗುರೆಳ್ಳಿನ ಬೀಜ ತವರುಮನೆಯಲ್ಲಿ ಒಂದು ಸೇರು ಇರಬೇಕು, ಕೇಳುತ್ತೇನೆ ಎಂದರು.

ಐದಾರು ಲಕ್ಷ ಹೆಕ್ಟೇರಿನ ತೊಗರಿ ನಾಡಿನಲ್ಲಿ ನಾಲ್ಕು ಸಾಲು ಏನೂ ಅಲ್ಲ. ಆದರೆ ಎಳ್ಳಮಾವಾಸ್ಯೆಯಲ್ಲಿ ರೈತ ಚರಗ ಚೆಲ್ಲುವಾಗ ಯಾವ ಜೀವಿಗೆ ಎಷ್ಟು ಪಾಲೆಂದು ಲೆಕ್ಕ ಇಡುವುದಿಲ್ಲ. ಹೊಲದಿಂದ ಬಂದದ್ದರಲ್ಲಿ ಹೊಲದ ಎಲ್ಲ ಜೀವಿಗಳಿಗೂ ಪಾಲಿದೆ ಎಂಬ ನಂಬಿಕೆಯಷ್ಟೇ ಅಲ್ಲಿರುವುದು. ಆ ಪಾಲನ್ನು ವರ್ಷಕ್ಕೊಮ್ಮೆ ಹಿಡಿ ಅನ್ನವಾಗಿ ಕೊಡುವ ಬದಲು ಹಂಗಾಮಿಗೆ ನಾಲ್ಕು ಸಾಲಾಗಿ ಕೊಡಲು ರೈತ ಸಿದ್ಧನಿದ್ದಾನೆ. ಆ ನಾಲ್ಕು ಸಾಲಿನ ನಷ್ಟವನ್ನು ಅವನೊಬ್ಬನ ತಲೆಗೇ ಕಟ್ಟದಿರುವ ಹೊಣೆ ಅವನ ಬೇಳೆ ಉಣ್ಣುವ ನಮ್ಮೆಲ್ಲರದು.